ಕ್ಲೆಮ್ ಬ್ಯಾಗ್‌ಶಾನ ಕಾಣದ ಕೊಕ್ಕೆ

ಕ್ಲೆಮ್ ಬ್ಯಾಗ್‌ಶಾ ಆ ಭಾನುವಾರ ಹೇಳಿದ್ದು ಸುಳ್ಳಲ್ಲ. "ನಮ್ಮನೇಲೂ ಒಂದು ಮೈಕ್ರೋಸ್ಕೋಪ್ ಇದೆ" ಎಂದ, ಅಷ್ಟೆ. ಇತ್ತು, ನಿಜ. ಚರ್ಚಿನವರು ಹಳೇ ಸಾಮಾನು ಮಾರಿದಾಗ ಹೊತ್ತು ತಂದ ಹಿತ್ತಾಳೆಯ ಮೈಕ್ರೋಸ್ಕೋಪ್ ಅದು. ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ನಿಂತು, ಅವನ ಟೋಪಿಯನ್ನು ಕೊರಳಿಗೆ ಹಾಕಿಕೊಂಡು ಕಾಲ ಕಳೆಯುತ್ತಿತ್ತು. ಟೋಪಿ ತಗುಲಿಸಲು ಇದಕ್ಕಿಂತ ಒಳ್ಳೆಯ ಯಂತ್ರವನ್ನು ವಿಜ್ಞಾನ ಇನ್ನೂ ಕಂಡುಹಿಡಿದಿಲ್ಲ ಎಂಬುದು ಅವನ ಅಭಿಪ್ರಾಯವಾಗಿತ್ತು.

ಕ್ಲೆಮ್ ಥಾರ್‌ವೆಲ್ ಹಳ್ಳಿಯಿಂದ ಪೇಟೆಗೆ ಹೋಗಿಬರುವ ಪುಟ್ಟ ಬಸ್ಸಿನ ಡ್ರೈವರ್. ಡಾರ್ಬಿಶೈರಿನ ಆ ಕಣಿವೆಗಳಲ್ಲಿ ಬೇಸಿಗೆಯಲ್ಲೂ ಬೆಳಗಿನ ಮಂಜು ಸುಣ್ಣಕಲ್ಲಿನ ಗೋಡೆಗಳ ಮೇಲೆ ಮಲಗಿರುತ್ತದೆ. ಅದನ್ನು ಎಬ್ಬಿಸಲು ಮನಸ್ಸಾಗದವನಂತೆ ಕ್ಲೆಮ್ ನಿಧಾನವಾಗಿ ಬಸ್ಸು ಓಡಿಸುತ್ತಿದ್ದ. ಪೇಟೆಯ ಅಣಬೆ ಸಂಘಕ್ಕೆ ಅವನು ಸೇರಿದ್ದು ಒಂದು ತಪ್ಪು ತಿಳಿವಳಿಕೆಯಿಂದ. ಅಣಬೆ ಹುಡುಕಿದ ಮೇಲೆ ಕೊನೆಗೆ ಎಲ್ಲಾದರೂ ಒಂದು ಬಾಣಲೆ, ಒಂದಿಷ್ಟು ಬೆಣ್ಣೆ ಇದ್ದೇ ಇರುತ್ತದೆ ಎಂದುಕೊಂಡಿದ್ದ. ಆ ಸಂಘದವರು ಅಣಬೆ ತಿನ್ನುವುದಿಲ್ಲ, ಬರೀ ಹೆಸರಿಡುತ್ತಾರೆ ಎಂದು ಗೊತ್ತಾಗುವಷ್ಟರಲ್ಲಿ ಅವನ ಹೆಸರೂ ಸೇರಿಹೋಗಿತ್ತು.

ಸಂಘದ ಯಜಮಾನಿ ಮಿಸ್ ಥೆಲ್ಮಾ ಹೀತ್‌ಕೋಟ್. ಪೇಟೆಯ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಅವರ ದನಿ ಕೇಳಿದರೆ ಈಗಲೂ ತಲೆ ನರೆತ ಗಂಡಸರು ಕೈಯನ್ನು ಬೆನ್ನ ಹಿಂದೆ ಅಡಗಿಸುತ್ತಿದ್ದರು. ಆ ಭಾನುವಾರ ಅವರು ಥಾರ್‌ವೆಲ್‌ನ ಬಾವಿಯ ಬಳಿಯ ದೊಡ್ಡ ಆಶ್ ಮರದ ಕೆಳಗೆ ಮೊಣಕಾಲೂರಿ, ಕೊಳೆತ ಎಲೆಗಳ ನಡುವಿನಿಂದ ಕಡ್ಡಿಯಂಥ ಕಪ್ಪು ತೊಟ್ಟುಗಳನ್ನು ಹೆಕ್ಕಿ ಕಾಗದದ ಚೀಲಕ್ಕೆ ತುಂಬಿದರು. ಹೋದ ವರ್ಷದ ಎಲೆಗಳ ತೊಟ್ಟುಗಳು. ಅವುಗಳ ಮೈಮೇಲೆ ಅಲ್ಲಲ್ಲಿ, ಗುಂಡುಸೂಜಿಯ ತಲೆಯಷ್ಟು, ಕಾಲಿನ ಮೇಲೆ ನಿಂತ ಬಿಳಿ ಬಟ್ಟಲುಗಳು.

"ಮೈಕ್ರೋಸ್ಕೋಪ್ ಇದೆ ಅಂದ್ರಲ್ಲ ಬ್ಯಾಗ್‌ಶಾ, ತಗೊಳ್ಳಿ. ಇದು ಯಾವುದು ಅಂತ ನೋಡಿ ಹೇಳಿ" ಎಂದು ಚೀಲ ಅವನ ಕೈಗಿಟ್ಟರು.

"ಯಾವುದು ಅಂದ್ರೆ... ಅಣಬೆ ತಾನೇ?"

"ಬಟ್ಟಲಣಬೆ. ಎರಡಿವೆ. ಹೊರಗಡೆಯಿಂದ ನೋಡಿದರೆ ಅವಳಿ ಜವಳಿ. ಒಂದು ನಮ್ಮ ಹಳೇದು. ಪಾಪದ್ದು. ಉದುರಿದ ತೊಟ್ಟು ತಿಂದ್ಕೊಂಡು ತನ್ನ ಪಾಡಿಗೆ ತಾನಿರುತ್ತೆ. ನಮ್ಮ ಕಡೆ ಅದನ್ನ ಯಾರೂ ನೋಡಿ ಎಷ್ಟೋ ಕಾಲ ಆಯ್ತು. ಇನ್ನೊಂದು ಪೂರ್ವದಿಂದ ಬಂದ ಕೊಲೆಗಡುಕ. ಅದರ ಬೀಜಕಣ ಗಾಳೀಲಿ ಹೋಗಿ ಎಲೆ ಮೇಲೆ ಕೂತರೆ ಇಡೀ ಮರಾನೇ ಒಣಗಿಸುತ್ತೆ. ಬಟ್ಟಲೊಳಗೆ ಸಣ್ಣ ಸಣ್ಣ ಚೀಲಗಳಿರ್ತಾವೆ. ಆ ಚೀಲದ ಬುಡದಲ್ಲಿ ಕೊಕ್ಕೆ ಇದ್ದರೆ ಕೊಲೆಗಡುಕ. ಕೊಕ್ಕೆ ಇಲ್ಲದಿದ್ದರೆ ಪಾಪದ್ದು. ತಿಳೀತಾ?"

"ಓ, ಅದಾ" ಎಂದ ಕ್ಲೆಮ್. ಏನೂ ತಿಳಿದಿರಲಿಲ್ಲ.

ಮರದ ವಿಷಯ ಮಾತ್ರ ಊರಿಗೆಲ್ಲ ತಿಳಿದಿತ್ತು. ರಸ್ತೆ ಕಡೆಯ ಅದರ ಒಂದು ದೊಡ್ಡ ಕೊಂಬೆ ಆಗಲೇ ಬೋಳಾಗಿತ್ತು. ಜಿಲ್ಲಾ ಕಚೇರಿಯ ಮರಗಳ ಅಧಿಕಾರಿ ಲೋಮಾಸ್ ಎಂಬಾತ ಬಂದು, ಕಡಿಯಬೇಕೆಂದು ಕಾಂಡದ ಮೇಲೆ ಕಿತ್ತಳೆ ಬಣ್ಣದ ಗುರುತು ಬಳಿದು ಹೋಗಿದ್ದ. ಅಜ್ಜ ಅಜ್ಜಿಯರ ಕಾಲದಿಂದ ಊರಿನ ಮದುವೆಗಳು ನಿಶ್ಚಯವಾಗಿದ್ದು, ಮುರಿದುಬಿದ್ದಿದ್ದು ಎಲ್ಲ ಆ ಮರದ ಕೆಳಗೇ. ಬಸ್ ನಿಲ್ದಾಣವೂ ಅದರ ಕೆಳಗೇ.

ಸಂಜೆ ಕ್ಲೆಮ್ ಟೋಪಿ ತೆಗೆದು, ಮೈಕ್ರೋಸ್ಕೋಪಿನ ಧೂಳೊರೆಸಿ, ಅಡುಗೆಮನೆಯ ಮೇಜಿನ ಮೇಲಿಟ್ಟ. ಹೆಂಡತಿ ಎನಿಡ್‌ಳ ಹೊಲಿಗೆ ಸೂಜಿಯಿಂದ ಒಂದು ಬಟ್ಟಲನ್ನು ಮೀಟಿ ತೆಗೆದು, ಗಾಜಿನ ಮೇಲೆ ನೀರಿನ ಹನಿಯಲ್ಲಿ ಕೂರಿಸಿ, ಇನ್ನೊಂದು ತೆಳು ಗಾಜು ಮುಚ್ಚಿ, ಕಣ್ಣಿಟ್ಟ. ಮೊದಲು ಕಂಡದ್ದು ದಟ್ಟವಾದ ಕಪ್ಪು ಕಾಡು. ಅದು ತನ್ನದೇ ರೆಪ್ಪೆಗೂದಲು ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಒಂದು ಚಂದ್ರ ಮೂಡಿತು. ತುಂಬು ಚಂದ್ರ, ಸುತ್ತ ಕಾಡಿಗೆಯ ಅಂಚು, ನಡುವೆ ಬೆಳ್ಳಗೆ ಬೆಳಕು.

"ಎನಿಡ್! ಬೀಜಕಣ! ನೋಡು ಬಾ, ಎಷ್ಟು ದುಂಡಗಿದೆ!"

ಎನಿಡ್ ಕೈಯ ಹಿಟ್ಟು ಕೊಡವಿ ಬಗ್ಗಿ ನೋಡಿದಳು. "ಅದು ಗಾಳಿಗುಳ್ಳೆ ಕಣೋ."

"ನಿಂಗೆ ಹೇಗೆ ಗೊತ್ತು?"

"ಬದುಕಿಡೀ ಪಾತ್ರೆ ತೊಳೆದಿದೀನಿ. ಗುಳ್ಳೆ ನಂಗೊತ್ತಿಲ್ವಾ?"

ಕ್ಲೆಮ್ ತಿರುಪು ತಿರುಗಿಸಿದ. ಚಂದ್ರ ಕರಗಿ ಪಕ್ಕಕ್ಕೆ ಜಾರಿತು. ಅದರ ಹಿಂದಿನಿಂದ ಏನೋ ಮೆಲ್ಲಗೆ ಎದ್ದು ಬಂತು. ನೀರಿನಡಿಯ ಹುಲ್ಲುಗಾವಲಿನಂತೆ ಒತ್ತಾಗಿ ನಿಂತ, ಗಾಜಿನಷ್ಟು ತಿಳಿಯಾದ ಚೀಲಗಳು. ಚೀಲದೊಳಗೆ ಸಾಲಾಗಿ ಮಲಗಿದ ಉದ್ದುದ್ದ ಕಣಗಳು. ಗಾಳಿಯಿಲ್ಲದಿದ್ದರೂ ಅವು ತೂಗುತ್ತಿದ್ದವು. ಅಡುಗೆಮನೆ ಎಲ್ಲಿಗೋ ಹೋಯಿತು. ಕ್ಲೆಮ್‌ಗೆ ತಾನು ಬಸ್ಸಿನಿಂದಿಳಿದು, ಬೂಟು ಕಳಚಿ, ಆ ಹುಲ್ಲಿನ ನಡುವೆ ನಡೆಯುತ್ತಿದ್ದೇನೆ ಅನ್ನಿಸಿತು. ಅಲ್ಲಿ ನಿಲ್ದಾಣಗಳಿರಲಿಲ್ಲ, ತಡವಾಯಿತೆಂದು ಬೈಯುವವರೂ ಇರಲಿಲ್ಲ. ಚಹಾ ಆರಿತು. ಎನಿಡ್ ಎರಡು ಸಲ ಊಟಕ್ಕೆ ಕರೆದಳು.

"ಏನಾಯ್ತು? ಸಿಕ್ತಾ ನಿನ್ನ ಕೊಕ್ಕೆ?"

"ಕೊಕ್ಕೆ ಕಾಣ್ತಾ ಇಲ್ಲ" ಎಂದ ಕ್ಲೆಮ್, ನಿದ್ದೆಯಲ್ಲಿದ್ದವನಂತೆ.

ಇಷ್ಟೇ ನಡೆದದ್ದು. ಮುಂದಿನದಕ್ಕೆಲ್ಲ ಕಾರಣ ಹಿತ್ತಲಿನ ಗೋಡೆ. ಅದು ಇನ್ನೂ ನಾಲ್ಕು ಸಾಲು ಕಲ್ಲಿನಷ್ಟು ಎತ್ತರವಿದ್ದಿದ್ದರೆ ಥಾರ್‌ವೆಲ್‌ನ ಇತಿಹಾಸ ಬೇರೆಯಾಗುತ್ತಿತ್ತು. ಬೆಳಿಗ್ಗೆ ಬಟ್ಟೆ ಹರವುತ್ತಿದ್ದ ಎನಿಡ್, ಆ ಕಡೆ ಬಟ್ಟೆ ಹರವುತ್ತಿದ್ದ ಪಕ್ಕದ ಮನೆಯ ವಿನಿ ರ್‍ಯಾಗ್‌ಗೆ, "ಮರದ ಅಣಬೆಗೆ ಕೊಕ್ಕೆ ಇಲ್ವಂತೆ, ಪಾಪದ್ದೇ ಇರಬೇಕು" ಎಂದಳು. ವಿನಿ ತನ್ನ ಬಟ್ಟೆಯನ್ನು ಬುಟ್ಟಿಯಲ್ಲೇ ಬಿಟ್ಟು ಅಂಗಡಿಗೆ ಓಡಿದಳು.

ಕ್ಲೆಮ್ ಬಸ್ಸು ತಂದು ಮರದ ಕೆಳಗೆ ನಿಲ್ಲಿಸಿದಾಗ ಜನ ಚಪ್ಪಾಳೆ ತಟ್ಟಿದರು. ಅವನು ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

"ನಮ್ಮ ಮರ ಉಳಿಸಿದೆಯಲ್ಲೋ ಬಾತುಮರಿ!" ಎಂದು ವಿನಿ ಅವನ ಕೆನ್ನೆ ಹಿಂಡಿದಳು. ಆ ಸೀಮೆಯಲ್ಲಿ ಪ್ರೀತಿ ಬಂದರೆ ಯಾರನ್ನಾದರೂ ಬಾತು ಎಂದೇ ಕರೆಯುವುದು; ಮೊಮ್ಮಕ್ಕಳಿರುವ ಗಂಡಸೂ ಬಾತುಮರಿಯೇ. "ಪಾಪದ ಅಣಬೆಯಂತೆ! ಕೊಕ್ಕೆ ಇಲ್ವಂತೆ!"

"ಇಲ್ಲ ಅಂತ ಅಲ್ಲ ವಿನಿ. ಕಾಣ್ಲಿಲ್ಲ ಅಂದೆ."

"ಇಲ್ಲದೇ ಇರೋದು ಎಲ್ಲಿಂದ ಕಾಣುತ್ತೆ? ನೋಡಿ, ಎಷ್ಟು ಸರಳವಾಗಿ ಹೇಳ್ತಾನೆ!"

"ಖಚಿತವಾಗಿ ಹೇಳೋಕೆ ಇನ್ನೂ ಸ್ವಲ್ಪ ನೋಡಬೇಕು..."

"ಎಷ್ಟು ವಿನಯ!" ಎಂದಿತು ಇಡೀ ಬಸ್ಸು.

ಆಗಲೇ ಅವನು ಎಂಜಿನ್ ಆರಿಸಿ, ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಕಾರಣ, ಇಷ್ಟು ವರ್ಷ ಬಸ್ಸು ಓಡಿಸಿದರೂ ಒಮ್ಮೆಯೂ ಯಾರೂ ಅವನಿಗೆ ಚಪ್ಪಾಳೆ ತಟ್ಟಿರಲಿಲ್ಲ. ಅದರ ಸದ್ದು ಕಿವಿಯಲ್ಲಿ ಇನ್ನೂ ಬೆಚ್ಚಗಿತ್ತು. ನಾಳೆ ಹೇಳಿದರಾಯಿತು ಎಂದು ಗೇರು ಬದಲಿಸಿದ.

ನಾಳೆಯ ಹೊತ್ತಿಗೆ ಸುದ್ದಿ ಮಾಂಸದಂಗಡಿಯ ಪರ್ಸಿ ಸ್ಪೂನರ್‌ನನ್ನು ತಲುಪಿತ್ತು. ಪರ್ಸಿ ಬಾವಿ ಸಿಂಗಾರದ ಮುಖ್ಯಸ್ಥ. ಥಾರ್‌ವೆಲ್‌ನವರು ಪ್ರತಿ ಬೇಸಿಗೆಯಲ್ಲೂ ದೊಡ್ಡ ಹಲಗೆಗೆ ಹಸಿ ಜೇಡಿಮಣ್ಣು ಮೆತ್ತಿ, ಅದರ ಮೇಲೆ ಹೂವಿನ ಎಸಳು, ಪಾಚಿ, ಬೀಜ ಒತ್ತಿ ಚಿತ್ರ ಮಾಡಿ ಬಾವಿಯ ಮುಂದೆ ನಿಲ್ಲಿಸುತ್ತಾರೆ. ಪಾದ್ರಿಗಳು ಬಂದು ಹರಸುತ್ತಾರೆ. ಆ ವರ್ಷದ ಚಿತ್ರ ಪ್ರಾಣಿಗಳನ್ನು ತುಂಬಿಕೊಂಡ ನೋಹನ ನಾವೆ. ಜಿರಾಫೆಯ ಗೆರೆ ಎಳೆದಾಗಿತ್ತು.

"ಜಿರಾಫೆ ತೆಗೆದುಹಾಕಿದೆ" ಎಂದ ಪರ್ಸಿ, ಕೈಯಲ್ಲಿನ ಕತ್ತಿ ಆಡಿಸುತ್ತಾ. "ಈ ಸಲ ನಮ್ಮ ಮರ, ಮರದ ಕೆಳಗೆ ನಿನ್ನ ಬಟ್ಟಲು. ಆಳೆತ್ತರದ ಬಟ್ಟಲು! ಬಿಳಿ ಹೈಡ್ರೇಂಜಿಯಾ ಎಸಳಲ್ಲಿ. ಕೆಳಗೆ ದೊಡ್ಡದಾಗಿ 'ನಿರಪರಾಧಿ' ಅಂತ. ಹೇಗಿದೆ?"

"ಪರ್ಸಿ, ಆ ಜಿರಾಫೇನೇ ಇದ್ದಿದ್ರೆ..."

"ಜಿರಾಫೆ ಯಾರು ಬೇಕಾದ್ರೂ ಮಾಡ್ತಾರೆ ಕಣಯ್ಯಾ! ಬಟ್ಟಲಣಬೆ ಯಾರು ಮಾಡಿದಾರೆ ಹೇಳು?"

ಅದು ನಿಜ. ಯಾರೂ ಮಾಡಿರಲಿಲ್ಲ.

ಅಧಿಕಾರಿ ಲೋಮಾಸ್ ಬಂದ. ಸದಾ ಒದ್ದೆ ಕೋಟಿನ, ದಣಿದ ಮುಖದ ಮನುಷ್ಯ. ಕಣಿವೆಯ ಉದ್ದಕ್ಕೂ ಆಶ್ ಮರಗಳಿಗೆ ಕಿತ್ತಳೆ ಗುರುತು ಬಳಿಯುವುದೇ ಅವನ ಕೆಲಸವಾಗಿಹೋಗಿತ್ತು. ಹೋದಲ್ಲೆಲ್ಲ ಬೈಗುಳ. "ಅಣಬೆ ಯಾವುದಾದ್ರೂ ಆಗ್ಲಿ, ಕೊಂಬೆ ಒಣಗಿದೆಯಲ್ಲಮ್ಮ" ಎಂದ.

"ವಯಸ್ಸಾದ ಮೇಲೆ ತಲೆ ಬೋಳಾಗಲ್ವಾ?" ಎಂದಳು ವಿನಿ, ಅವನ ಟೋಪಿಯನ್ನೇ ನೋಡುತ್ತಾ. "ಅದಕ್ಕೆ ನಿಮ್ಮನ್ನೇನು ಕಡಿದುಹಾಕ್ತಾರಾ? ನಮ್ಮ ಕ್ಲೆಮ್ ಮೈಕ್ರೋಸ್ಕೋಪಲ್ಲಿ ನೋಡಿದಾನೆ. ನೀವು ಯಾವುದರಲ್ಲಿ ನೋಡಿದೀರಿ?"

ಲೋಮಾಸ್ ಬರಿಗಣ್ಣಲ್ಲಿ ನೋಡಿದ್ದ. ಒಪ್ಪಿಕೊಂಡ. ಸಿಂಗಾರದ ದಿನ ಊರಿನ ಹಾಲ್‌ನಲ್ಲಿ, ಮಿಸ್ ಹೀತ್‌ಕೋಟ್ ಮುಂದೆ, ಬ್ಯಾಗ್‌ಶಾ ಎಲ್ಲರೆದುರು ತೋರಿಸಲಿ, ಅಲ್ಲಿವರೆಗೆ ಗರಗಸ ಬರುವುದಿಲ್ಲ ಎಂದು ಮಾತಾಯಿತು.

ಕ್ಲೆಮ್‌ಗೆ ಇದರಲ್ಲೊಂದು ದಾರಿ ಕಂಡಿತು. ಮಿಸ್ ಹೀತ್‌ಕೋಟ್ ಬರುತ್ತಾರೆ, ನೋಡುತ್ತಾರೆ, ತಪ್ಪು ತಿದ್ದುತ್ತಾರೆ. ತನ್ನ ಕೆಲಸ ಮುಗಿಯಿತು. ಅವರ ಮನೆಗೆ ಹೋಗಿ ಬಾಗಿಲು ತಟ್ಟಿದ.

"ಸುದ್ದಿ ಕೇಳಿದೆ" ಎಂದರು ಅವರು. ದನಿಯಲ್ಲಿ ಎಂದೂ ಇಲ್ಲದ ನಡುಕ. "ನಮ್ಮ ಹಳೇ ಅಣಬೆ ಇನ್ನೂ ಇದೆಯಾ ಬ್ಯಾಗ್‌ಶಾ? ಚಿಕ್ಕವಳಿದ್ದಾಗ ನೋಡಿದ್ದೆ."

"ನೀವೇ ಒಂದ್ಸಲ ನೋಡಿಬಿಟ್ರೆ ಒಳ್ಳೇದು ಮಿಸ್."

ಅವರು ಕಿಟಕಿಯತ್ತ ತಿರುಗಿದರು. "ನನ್ನ ಕಣ್ಣಿಗೆ ಮಂಜು ಬಂದಿದೆ. ಎರಡೂ ಕಣ್ಣಿಗೆ. ಬಟ್ಟಲು ಬೆಳ್ಳಗೆ ಕಾಣುತ್ತೆ, ಅಷ್ಟೇ. ಕೊಕ್ಕೆ ಎಲ್ಲ ನನಗೆ ಮುಗಿದ ಕತೆ. ಅದಕ್ಕೇ ಅಲ್ವಾ ಚೀಲ ನಿಮಗೆ ಕೊಟ್ಟಿದ್ದು? ನೀವು ಹೇಳಿದ್ದೇ ಸೈ." ಆಮೇಲೆ ಹಳೆಯ ದನಿ ವಾಪಸು ಬಂತು. "ಬಣ್ಣ ಹಾಕಿ ನೋಡಿದ್ರೋ ಇಲ್ವೋ? ಇಲ್ವಾ? ಎಣ್ಣೆ ಹನಿ? ಅದೂ ಇಲ್ವಾ? ಕೂತ್ಕೊಳ್ಳಿ ಇಲ್ಲಿ!"

ಆ ಮಧ್ಯಾಹ್ನವೆಲ್ಲ ಅವರು ಕಣ್ಣುಮುಚ್ಚಿಕೊಂಡು ಹೇಳಿಕೊಟ್ಟರು, ಕ್ಲೆಮ್ ಕಣ್ಣು ಬಿಟ್ಟುಕೊಂಡು ಕಲಿತ. ಬಟ್ಟಲನ್ನು ಬ್ಲೇಡಿನಲ್ಲಿ ಸೀಳುವುದು, ಪೆನ್ಸಿಲಿನ ರಬ್ಬರ್ ತುದಿಯಿಂದ ಗಾಜನ್ನು ಮೆತ್ತಗೆ ಒತ್ತುವುದು, ಅಯೋಡಿನ್ ಸೋಕಿಸಿ ಚೀಲದ ತುದಿ ನೀಲಿಯಾಗುವವರೆಗೆ ಕಾಯುವುದು, ಕೆಂಪು ಬಣ್ಣ ಹಾಕಿ ಬುಡ ಹುಡುಕುವುದು, ದೊಡ್ಡ ಮಸೂರಕ್ಕೆ ಎಣ್ಣೆ ಹನಿ ಬಿಡುವುದು. ಅಯೋಡಿನ್, ಬಣ್ಣ, ಎಣ್ಣೆಯ ಸೀಸೆ ಮೂರನ್ನೂ ಜೇಬಿಗೆ ತುರುಕಿ ಕಳಿಸಿದರು.

ಮುಂದಿನ ಸಂಜೆಗಳು ಹೇಗೆ ಕಳೆದವೋ ಕ್ಲೆಮ್‌ಗೆ ತಿಳಿಯಲಿಲ್ಲ. ಬೇಸಿಗೆಯ ಬೆಳಕು ಮುಗಿಯದ ಹಾಗೆ ಕಿಟಕಿಯಲ್ಲಿ ನಿಂತಿರುತ್ತಿತ್ತು. ಅಯೋಡಿನ್ ಹರಿದು ಬಂದಾಗ ಆ ಗಾಜಿನ ಹುಲ್ಲುಗಾವಲಿನ ತುದಿತುದಿಯಲ್ಲೂ ನೀಲಿ ದೀಪ ಹೊತ್ತಿಕೊಳ್ಳುತ್ತಿತ್ತು. ಕ್ಲೆಮ್ ಉಸಿರು ಬಿಗಿಹಿಡಿಯುತ್ತಿದ್ದ. ಕೊಕ್ಕೆ, ಮರ, ಊರು, ಯಾವುದೂ ನೆನಪಿರುತ್ತಿರಲಿಲ್ಲ. ಎನಿಡ್ ತಟ್ಟೆಯನ್ನು ಅವನ ಮೊಣಕೈ ಬಳಿ ತಂದಿಡಲು ಶುರುಮಾಡಿದಳು. ಒಮ್ಮೆ ಅವನು ಬ್ರೆಡ್ಡಿನ ಚೂರನ್ನು ಎಣ್ಣೆಯ ಸೀಸೆಗೆ ಅದ್ದಿ ತಿಂದು, ರುಚಿಯಾಗಿದೆ ಎಂದನಂತೆ.

ಒಂದು ಸಂಜೆ, ಹುಡುಕದೇ ಇದ್ದಾಗ, ಅದು ಕಂಡಿತು. ಕೆಂಪು ಬಣ್ಣದ ನಡುವೆ ಒಂದೇ ಒಂದು ಚೀಲ ಗುಂಪಿನಿಂದ ಬಿಡಿಸಿಕೊಂಡು ಒಂಟಿಯಾಗಿ ತೇಲುತ್ತಿತ್ತು. ಅದರ ಬುಡ ಪುಟ್ಟ ಕುರಿಗಾಹಿಯ ಕೋಲಿನ ಹಾಗೆ ಬಾಗಿ, ತನ್ನನ್ನೇ ತಾನು ಹಿಡಿದುಕೊಂಡಿತ್ತು. ಕೊಕ್ಕೆ. ಪಕ್ಕದ್ದರಲ್ಲೂ ಕೊಕ್ಕೆ. ಇನ್ನೊಂದು ಬಟ್ಟಲು ಸೀಳಿದ. ಅಲ್ಲೂ ಕೊಕ್ಕೆ.

"ಎನಿಡ್, ಕೊಕ್ಕೆ ಇದೆ" ಎಂದ.

ಎನಿಡ್ ಕುರ್ಚಿ ಎಳೆದು ಕೂತಳು. "ಖಂಡಿತಾನಾ?"

"ಖಂಡಿತ."

"ಗುಳ್ಳೆ ಅಲ್ವಲ್ಲಾ?"

"ಗುಳ್ಳೆ ಅಲ್ಲ."

ಅವಳು ಹಿತ್ತಲ ಬಾಗಿಲ ಕಡೆ ನೋಡಿದಳು. ಕೊನೆಗೆ, "ಈ ಸಲ ನಾನು ಗೋಡೆ ಹತ್ರ ಹೋಗಲ್ಲಪ್ಪಾ. ನೀನೇ ಹೇಳು" ಎಂದಳು.

ಕ್ಲೆಮ್ ಹೇಳಲು ಹೋದ. ಪರ್ಸಿಯ ಕೊಟ್ಟಿಗೆಯಲ್ಲಿ ಊರಿನ ಹೆಂಗಸರೆಲ್ಲ ಬಗ್ಗಿ ಜೇಡಿಮಣ್ಣಿಗೆ ಎಸಳು ಒತ್ತುತ್ತಿದ್ದರು. ಆಳೆತ್ತರದ ಬಿಳಿ ಬಟ್ಟಲು ಮುಗಿದು ಮಂಜಿನಂತೆ ಹೊಳೆಯುತ್ತಿತ್ತು. ಕೆಳಗೆ 'ನಿರಪರಾ' ಎನ್ನುವಷ್ಟು ಆಗಿತ್ತು.

"ಪರ್ಸಿ, ಕೊಕ್ಕೆ ಸಿಕ್ತು."

"ಸಿಕ್ತಾ? ದೇವರು ಒಳ್ಳೇದು ಮಾಡ್ಲಿ! ಹಲಗೆ ನೇತುಹಾಕೋಕೆ ಬೆಳಿಗ್ಗೆಯಿಂದ ಹುಡುಕ್ತಾ ಇದೀವಿ. ಗಟ್ಟಿ ಇದೆಯಾ?"

"ಆ ಕೊಕ್ಕೆ ಅಲ್ಲ..."

"ಯಾವುದಾದ್ರೂ ಪರವಾಗಿಲ್ಲ, ತಗೊಂಬಾ!"

ಪಾದ್ರಿಗಳ ಬಳಿ ಹೋದ. "ನನಗೊಂದು ತಪ್ಪಾಗಿದೆ, ಹೇಳ್ಬೇಕಿತ್ತು" ಎಂದ. ಪಾದ್ರಿಗಳು ಅವನ ಭುಜ ತಟ್ಟಿ, "ಎಲ್ಲರೂ ತಪ್ಪು ಮಾಡಿದವರೇ ಕ್ಲೆಮ್, ಆ ಅಣಬೆಯೊಂದನ್ನ ಬಿಟ್ಟು" ಎಂದು ತಮ್ಮ ಮಾತಿಗೆ ತಾವೇ ನಕ್ಕು, ಅದನ್ನು ಪ್ರವಚನಕ್ಕೆ ಸೇರಿಸಲು ಒಳಗೆ ಹೋದರು.

ಸಿಂಗಾರದ ದಿನ ಬೆಳಿಗ್ಗೆ ಕ್ಲೆಮ್ ಬಸ್ಸು ತಂದಾಗ ನಿಲ್ದಾಣದಲ್ಲಿ ವಿನಿ ಒಬ್ಬಳೇ ನಿಂತಿದ್ದಳು. ಪೇಟೆಯಿಂದ ಹೊಸ ಟೋಪಿ ತರಲು ಹೊರಟಿದ್ದಳು. ತಲೆಯ ಮೇಲೆ ನೇರಕ್ಕೆ ಆ ಬೋಳು ಕೊಂಬೆ. ಮಂಜಿನಲ್ಲಿ ಅದು ಒಂದಿಷ್ಟೂ ಅಲುಗುತ್ತಿರಲಿಲ್ಲ. ಸುತ್ತ ಹಸಿರು ಕೊಂಬೆಗಳೆಲ್ಲ ಮೆಲ್ಲಗೆ ಪಿಸುಗುಡುತ್ತಿದ್ದವು. ಕ್ಲೆಮ್ ಬಾಗಿಲು ತೆರೆದು, "ಬೇಗ ಹತ್ತು ವಿನಿ, ಅಲ್ಲಿ ನಿಲ್ಲಬೇಡ" ಎಂದ. ದನಿ ತನ್ನದಲ್ಲವೇನೋ ಎನ್ನುವಷ್ಟು ಗಡುಸಾಗಿತ್ತು. ವಿನಿ ಹೆದರಿ ಹತ್ತಿದಳು. ಅವನು ಬಾಗಿಲು ಮುಚ್ಚಿ, ಎಂದಿಗಿಂತ ಬೇಗ ಬಸ್ಸು ಹೊರಡಿಸಿದ.

ಮಧ್ಯಾಹ್ನ ಹಾಲ್ ತುಂಬಿ ಜನ ಕಿಟಕಿಯಲ್ಲೂ ನಿಂತಿದ್ದರು. ವೇದಿಕೆಯ ಮೇಲೆ ಮೇಜು, ಮೇಜಿನ ಮೇಲೆ ಉಜ್ಜಿ ಹೊಳಪಿಸಿದ ಮೈಕ್ರೋಸ್ಕೋಪ್. ಒಂದು ಪಕ್ಕ ಮಿಸ್ ಹೀತ್‌ಕೋಟ್, ಇನ್ನೊಂದು ಪಕ್ಕ ಒದ್ದೆ ಕೋಟಿನ ಲೋಮಾಸ್. ಹೊರಗೆ ಬ್ಯಾಂಡಿನವರು ಕಹಳೆಯಿಂದ ನೀರು ಕೊಡವುತ್ತಿದ್ದರು. ಕ್ಲೆಮ್ ಬಟ್ಟಲು ಸೀಳಿದ, ಅಯೋಡಿನ್ ಸೋಕಿಸಿದ, ಬಣ್ಣ ಬಿಟ್ಟ, ಒತ್ತಿದ, ಎಣ್ಣೆ ಹಾಕಿದ, ಕಣ್ಣಿಟ್ಟ. ಕೊಕ್ಕೆಗಳು ಅಲ್ಲೇ ಇದ್ದವು.

ಅವನು ತಲೆಯೆತ್ತಿದ. ಇಡೀ ಊರು ಅವನ ಬಾಯನ್ನೇ ನೋಡುತ್ತಿತ್ತು. ಮಿಸ್ ಹೀತ್‌ಕೋಟ್ ಕಣ್ಣುಮುಚ್ಚಿ, ಸಂಗೀತ ಕೇಳಲು ಕೂತವರಂತೆ ಕಿವಿಗೊಟ್ಟಿದ್ದರು. 'ಇಲ್ಲ' ಎಂದರೆ ಸಾಕು, ಬ್ಯಾಂಡು ಶುರುವಾಗುತ್ತದೆ. ಅದು ಸುಳ್ಳೆಂದು ಹೇಳಬಲ್ಲವರು ಆ ಹಾಲ್‌ನಲ್ಲಿ ಯಾರೂ ಇರಲಿಲ್ಲ.

"ಕೊಕ್ಕೆ ಇದೆ" ಎಂದ ಕ್ಲೆಮ್. "ಇದು ಕೊಲೆಗಡುಕನೇ. ಮೊದಲು ನನಗೆ ನೋಡೋಕೆ ಬರ್ತಿರಲಿಲ್ಲ. ಬರಲ್ಲ ಅಂತ ಹೇಳಲಿಲ್ಲ. ಚಪ್ಪಾಳೆ ಹೊಡೆದ್ರಿ, ಚೆನ್ನಾಗಿತ್ತು, ಸುಮ್ಮನಾಗಿಬಿಟ್ಟೆ. ತಪ್ಪು ನಂದು."

ಕಿಟಕಿಯಲ್ಲಿ ನಿಂತವರು ಒಳಕ್ಕೆ ಬಗ್ಗಿದರು. ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು.

"ನನ್ನ ಜಿರಾಫೆ!" ಎಂದು ಪರ್ಸಿ ಕೂಗಿದ. "'ನಿರಪರಾಧಿ' ಅಂತ ಇಷ್ಟು ದೊಡ್ಡಕ್ಕೆ ಒತ್ತಿದೀವಲ್ಲಯ್ಯಾ! ಮಣ್ಣು ಆಗ್ಲೇ ಒಣಗ್ತಾ ಇದೆ!"

"ನಾನು ಕೊಲೆಗಡುಕನಿಗೆ ಆಶೀರ್ವಾದ ಮಾಡಬೇಕಾ?" ಎಂದರು ಪಾದ್ರಿಗಳು, ಕೈಯಲ್ಲಿನ ಪ್ರವಚನವನ್ನು ನೋಡಿಕೊಳ್ಳುತ್ತಾ.

"ಹೊಸ ಟೋಪಿ ಹಾಕ್ಕೊಂಡು ಬಂದಿದೀನಿ" ಎಂದಳು ವಿನಿ, ಅಳುವವಳಂತೆ. "ಎಲ್ಲಿ, ತೋರಿಸೋ ಆ ಹಾಳು ಕೊಕ್ಕೇನ. ನಾನೂ ನೋಡ್ತೀನಿ."

ಅವಳು ಟೋಪಿ ಎತ್ತಿ ಹಿಡಿದು ಬಗ್ಗಿದಳು. ಬಹಳ ಹೊತ್ತು ಏಳಲಿಲ್ಲ. "ಅಯ್ಯೋ" ಎಂದಳು ಸಣ್ಣಗೆ. "ಎಷ್ಟು ಚೆಂದ ಇದೆಯೋ!"

ಹಾಗೆ ಸಾಲು ಶುರುವಾಯಿತು. ಬೈಯಲು ಬಂದವರೆಲ್ಲ ಸಾಲಲ್ಲಿ ನಿಂತರು. ಬಿಳಿ ಬಟ್ಟಲನ್ನು ಆಳೆತ್ತರಕ್ಕೆ ಮಾಡಿದ್ದ ಪರ್ಸಿ, ಒಳಗೆ ನೀಲಿ ಇತ್ತೆಂದು ಮೊದಲೇ ಹೇಳಬಾರದಿತ್ತೇ ಎಂದು ಗೊಣಗಿದ. ಮಿಸ್ ಹೀತ್‌ಕೋಟ್ ಏನನ್ನೂ ನೋಡದೆ, ಸಾಲಿನವರೊಬ್ಬೊಬ್ಬರೂ ಹೇಳಿದ್ದನ್ನು ಕೇಳುತ್ತಾ, "ಹೌದು, ಹೌದು, ಅದೇ" ಎನ್ನುತ್ತಿದ್ದರು. ಕ್ಲೆಮ್ ಹತ್ತಿರ ಬಂದಾಗ ಅವನ ತೋಳು ಹಿಡಿದು, "ಬುಡ ಚೆನ್ನಾಗಿ ಬಿಡಿಸಿದೀರಿ ಬ್ಯಾಗ್‌ಶಾ" ಎಂದರು. ಅವರ ಕೆನ್ನೆ ಒದ್ದೆಯಾಗಿತ್ತು. ಹಳೇ ಅಣಬೆ ಇರಲಿಲ್ಲ, ಅಷ್ಟೇ.

ಕೊನೆಗೆ ಲೋಮಾಸ್ ಬಗ್ಗಿದ. ಅವನು ಎದ್ದಾಗ ಮುಖದ ದಣಿವು ಬೇರೆಯಾಗಿತ್ತು.

"ಇಷ್ಟು ಚಿಕ್ಕದಾ?" ಎಂದ. "ಇಷ್ಟು ಮರ ಕಡಿಸಿದೆ. ಇದನ್ನ ನೋಡೇ ಇರಲಿಲ್ಲ." ಆಮೇಲೆ ವಿನಿಯ ಕಡೆ ತಿರುಗಿ, "ಬೋಳು ಕೊಂಬೆ ನಾಳೇನೇ ಇಳಿಸಬೇಕಮ್ಮ. ನೀವು ಅದರ ಕೆಳಗೇ ನಿಲ್ತೀರಿ. ಉಳಿದಿದ್ದು ಎಲೆ ಉದುರೋವರೆಗೂ ಇರಲಿ" ಎಂದ.

ವಿನಿ ತಲೆಯಾಡಿಸಿದಳು. ಬೈಯಲಿಲ್ಲ.

ಪಾದ್ರಿಗಳು ಹಲಗೆಯನ್ನು ಬಿಟ್ಟು ನೇರ ಮರವನ್ನೇ ಹರಸಿದರು. ಬ್ಯಾಂಡು ನುಡಿಸಿತು. ಸಂಜೆಯ ಮಂಜು ಮತ್ತೆ ಇಳಿಯತೊಡಗಿತು. ಆ ದೊಡ್ಡ ಬಿಳಿ ಬಟ್ಟಲು ಬಾವಿಯ ಮುಂದೆ ತಾನೇ ಮಂಜನ್ನು ತುಂಬಿಕೊಳ್ಳುತ್ತಿರುವಂತೆ ನಿಂತಿತ್ತು.

ಪೇಟೆಗೆ ಹೋಗುವವರೆಲ್ಲ ಬಸ್ಸು ಹತ್ತಿ ಕೂತರು. ಡ್ರೈವರ್ ಇಲ್ಲ. ಸ್ವಲ್ಪ ಹೊತ್ತು ಕಾದರು, ಸ್ಯಾಂಡ್‌ವಿಚ್ ಬಿಚ್ಚಿದರು, ಒಂದು ಹಾಡು ಹೇಳಿದರು. ಕೊನೆಗೆ ಎನಿಡ್ ಡ್ರೈವರ್ ಸೀಟಿಗೆ ಹತ್ತಿ ಎರಡೂ ಕೈಯಿಂದ ಹಾರ್ನ್ ಒತ್ತಿದಳು. ಇಡೀ ಕಣಿವೆ ಮೊಳಗಿತು.

ಖಾಲಿ ಹಾಲ್‌ನಲ್ಲಿ ಇಬ್ಬರು ಗಂಡಸರು ಮೈಕ್ರೋಸ್ಕೋಪಿನ ಮುಂದೆ ಒಂದೇ ಬೆಂಚಿನ ಮೇಲೆ ಒತ್ತಿಕೊಂಡು ಕೂತಿದ್ದರು.

"ಏನೋ ಸದ್ದಾಯ್ತಲ್ಲ?" ಎಂದ ಲೋಮಾಸ್, ಕಣ್ಣೆತ್ತದೆ.

"ಬೀಜಕಣ ಹಾರಿರಬೇಕು" ಎಂದ ಕ್ಲೆಮ್. "ಸ್ವಲ್ಪ ಆ ಕಡೆ ಸರೀರಿ, ಈಗ ನನ್ನ ಸರದಿ."